ನಮ್ಮ ಸಂಘದ 500 ಸ್ಟೀಲ್ ತಟ್ಟೆಗಳು ಕಪಾಟಿನಲ್ಲೇ ಉಳಿದಿವೆ: ಸಣ್ಣ ಊರಿನಲ್ಲಿ ಸುಸ್ಥಿರ ಬದುಕಿನ ಕೆಲಸ ನೆಲೆಯೂರುವುದು ಹೇಗೆ?

ಪ್ರಶ್ನೆ: ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾವು ಒಂಬತ್ತು ಮಂದಿ ಸೇರಿ ನಾಲ್ಕು ವರ್ಷಗಳಿಂದ ಒಂದು ಸಣ್ಣ ಸಂಘವನ್ನು ನಡೆಸಿಕೊಂಡು ಬರುತ್ತಿದ್ದೇವೆ. ನಮ್ಮಲ್ಲಿ ಇಬ್ಬರು ನಿವೃತ್ತ ಶಿಕ್ಷಕರು, ಒಬ್ಬರು ಔಷಧಿ ಅಂಗಡಿಯವರು, ಮೂವರು ಹೊಲಿಗೆ ಕೆಲಸದ ಹೆಣ್ಣುಮಕ್ಕಳು, ಉಳಿದವರು ಬೇಸಾಯಗಾರರು. ಸಂಬಳ ಪಡೆಯುವವರು ಯಾರೂ ಇಲ್ಲ. ಹಳೆಯ ಸೀರೆಗಳಿಂದ ಕೈಚೀಲ ಹೊಲಿದು ವಾರದ ಸಂತೆಯಲ್ಲಿ ಕೊಡುತ್ತೇವೆ, ಹಸಿ ಕಸದಿಂದ ಗೊಬ್ಬರ ಮಾಡುವುದನ್ನು ಮನೆಮನೆಗೆ ಹೋಗಿ ತೋರಿಸಿಕೊಡುತ್ತೇವೆ, ಮುಂಗಾರಿಗೆ ಮುನ್ನ ನಾಟಿ ತರಕಾರಿ ಬೀಜಗಳನ್ನು ಹಂಚುತ್ತೇವೆ. ಇವೆಲ್ಲ ನಿಧಾನವಾಗಿಯಾದರೂ ಸಾಗಿವೆ. ನಮ್ಮನ್ನು ಕಂಗೆಡಿಸಿರುವುದು ತಟ್ಟೆ ಬ್ಯಾಂಕಿನ ಕತೆ.

ಮೂರು ವರ್ಷಗಳ ಹಿಂದೆ ಊರಿನವರಿಂದಲೇ ಚಂದಾ ಎತ್ತಿ 500 ಊಟದ ತಟ್ಟೆ, 500 ಬಟ್ಟಲು, 200 ಲೋಟಗಳನ್ನು ಕೊಂಡೆವು. ಮದುವೆ, ನಾಮಕರಣ, ತಿಥಿ, ಬೀಗರ ಔತಣಗಳಿಗೆ ಉಚಿತವಾಗಿ ಕೊಡುವುದು, ತೊಳೆದು ಹಿಂತಿರುಗಿಸಿದರೆ ಸಾಕು ಎನ್ನುವುದು ನಮ್ಮ ನಿಯಮ. ಮೊದಲ ವರ್ಷ 22 ಕಾರ್ಯಕ್ರಮಗಳಿಗೆ ಹೋದ ತಟ್ಟೆಗಳು ಎರಡನೆಯ ವರ್ಷ ಒಂಬತ್ತಕ್ಕೆ ಇಳಿದವು, ಕಳೆದ ವರ್ಷ ಮೂರಕ್ಕೆ. ಕೊನೆಯ ಸಲ ಹೋಗಿದ್ದು ಒಂದು ಮದುವೆಗೆ. ರಾತ್ರಿ ಹತ್ತು ಗಂಟೆಗೆ ಗೋಣಿಚೀಲಗಳಲ್ಲಿ ತುಂಬಿ ತಂದಿಟ್ಟು ಹೋದರು. ಬಿಚ್ಚಿ ನೋಡಿದರೆ ಅಂಚಿನಲ್ಲಿ ಪಾಯಸ ಒಣಗಿ ಗಟ್ಟಿಯಾಗಿತ್ತು, ಇರುವೆ ಮುತ್ತಿತ್ತು. ನಾನು ಮತ್ತು ಹೊಲಿಗೆಯ ಮೂವರು ಸೋದರಿಯರು ತೊಟ್ಟಿಯ ಬಳಿ ಕುಳಿತು ಒಂದೂವರೆ ಗಂಟೆಯವರೆಗೆ ಉಜ್ಜಿದೆವು. ಮರುದಿನ ಅವರಲ್ಲೊಬ್ಬರು, ಇನ್ನು ಈ ಕೆಲಸಕ್ಕೆ ನನ್ನನ್ನು ಕರೆಯಬೇಡಿ ಎಂದು ಸಮಾಧಾನವಾಗಿಯೇ ಹೇಳಿದರು. ಅವರ ಮಾತಿನಲ್ಲಿ ತಪ್ಪು ಕಾಣದೆ ನಾನು ಸುಮ್ಮನಾದೆ.

ಅದೇ ಬೆಳಿಗ್ಗೆ ಛತ್ರದ ಹಿಂದುಗಡೆ ಹೋಗಿ ನೋಡಿದೆ. ಬಾಳೆ ಎಲೆಗಳ ರಾಶಿಯಲ್ಲಿ ಹಸುಗಳು ಮೇಯುತ್ತಿದ್ದವು, ಎಲೆಗಳ ನಡುವೆ ಅರ್ಧ ನೀರು ಉಳಿದ ಸಣ್ಣ ಬಾಟಲಿಗಳು, ಕಾಗದದ ಲೋಟಗಳು, ಐಸ್ ಕ್ರೀಂ ಬಟ್ಟಲುಗಳು, ಮೇಜಿಗೆ ಹಾಸುವ ಕಾಗದದ ಸುರುಳಿ. ನಮ್ಮ ತಟ್ಟೆಗಳು ಆ ರಾಶಿಯನ್ನು ಒಂದಿಷ್ಟೂ ಕಡಿಮೆ ಮಾಡಿರಲಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ನಾವು ಎಲ್ಲಿ ಎಡವಿದ್ದೇವೆ? ಬಾಡಿಗೆ ಕೇಳಿದರೆ ಸೇವೆಯ ಹೆಸರಿಗೆ ಕುಂದು ಬರುತ್ತದೆಯೆ? ಮೇಲುಕೋಟೆ, ಶಿರಸಿ, ಹೆಗ್ಗೋಡುಗಳಂಥ ಸಣ್ಣ ಊರುಗಳಲ್ಲಿ ಇಂಥ ಕೆಲಸ ದಶಕಗಳ ಕಾಲ ಉಳಿದು ಬಂದಿದ್ದು ಹೇಗೆ? ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ.

ಉತ್ತರ: ಅಡುಗೆಯವರ ಮಗ

ನಮ್ಮ ತಂದೆ ಮೂವತ್ತು ವರ್ಷ ಮದುವೆ ಅಡುಗೆಯ ಗುತ್ತಿಗೆ ಮಾಡಿದವರು. ನಾನು ಹದಿನೈದನೆಯ ವಯಸ್ಸಿನಿಂದ ಅವರೊಂದಿಗೆ ಬಡಿಸಲು ಹೋಗುತ್ತಿದ್ದೆ. ಆ ಅನುಭವದಿಂದ ಹೇಳುತ್ತೇನೆ.

ನಿಮ್ಮ ಕಡೆ ಊಟ ನಡೆಯುವುದು ಬಾಳೆ ಎಲೆಯ ಮೇಲೆ. ಗುತ್ತಿಗೆಯ ಮಾತುಕತೆಯೂ ಎಲೆಯ ಲೆಕ್ಕದಲ್ಲೇ ಆಗುತ್ತದೆ, ಒಂದು ಎಲೆಗೆ ಇಷ್ಟು ಎಂದು. ಹೀಗಿರುವಾಗ ತಟ್ಟೆಯ ಅಗತ್ಯವೇ ಅಲ್ಲಿ ಇರಲಿಲ್ಲ. ಮೊದಲ ವರ್ಷ 22 ಮಂದಿ ತೆಗೆದುಕೊಂಡು ಹೋದದ್ದು ನಿಮ್ಮ ಮೇಲಿನ ಗೌರವದಿಂದ ಇರಬೇಕು. ಛತ್ರದ ಹಿಂದೆ ನೀವು ಕಂಡ ರಾಶಿಯಲ್ಲಿ ತಟ್ಟೆಯ ಸುಳಿವೇ ಇಲ್ಲ, ಇರುವುದೆಲ್ಲ ನೀರು, ಕಾಫಿ, ಐಸ್ ಕ್ರೀಂಗೆ ಸಂಬಂಧಿಸಿದ್ದು. ಆದ್ದರಿಂದ ನಿಮಗೆ ಬೇಕಾದದ್ದು ಲೋಟ. ಅದೂ 200 ಸಾಲದು. ಒಂದು ಪಂಕ್ತಿಗೆ 150 ಜನ ಕುಳಿತರೆ, ಮೊದಲ ಪಂಕ್ತಿಯ ಲೋಟಗಳು ತೊಳೆದು ಬರುವ ಹೊತ್ತಿಗೆ ಎರಡನೆಯದು ಕುಳಿತಾಗಿರುತ್ತದೆ, ಮೂರನೆಯದು ಬಾಗಿಲಲ್ಲಿ ನಿಂತಿರುತ್ತದೆ. ಪಂಕ್ತಿಯ ಮೂರರಷ್ಟು ಲೋಟ ಕೈಯಲ್ಲಿದ್ದರೆ ಮಾತ್ರ ಬಡಿಸುವವರು ಒಪ್ಪುತ್ತಾರೆ.

ಎರಡನೆಯ ಮಾತು ಇನ್ನೂ ಮುಖ್ಯ. ಬಾಟಲಿ ಇಡಬೇಕೆಂದು ತೀರ್ಮಾನಿಸುವವರು ಮನೆಯ ಯಜಮಾನರಲ್ಲ, ಅಡುಗೆ ಗುತ್ತಿಗೆದಾರರು. ಹಿಂದೆ ಪ್ರತಿ ಸಾಲಿಗೆ ನೀರು ಬಡಿಸಲೆಂದೇ ಇಬ್ಬರು ಹುಡುಗರು ಜಗ್ಗು ಹಿಡಿದು ಓಡಾಡುತ್ತಿದ್ದರು. ಈಗ ಆ ಹುಡುಗರು ಸಿಗುವುದಿಲ್ಲ, ಸಿಕ್ಕರೂ ಅವರ ಕೂಲಿಗಿಂತ ಬಾಟಲಿಯೇ ಅಗ್ಗ ಎಂದು ಗುತ್ತಿಗೆದಾರರು ಲೆಕ್ಕ ಹಾಕುತ್ತಾರೆ. ಅದರ ಜೊತೆಗೆ ಛತ್ರದ ನೀರನ್ನು ಅತಿಥಿಗಳು ನಂಬುವುದಿಲ್ಲ. ನಿಮ್ಮ ಸಂಘದವರು ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಬೇಡ ಎಂದು ಎಷ್ಟು ಹೇಳಿದರೂ ಈ ಎರಡು ತೊಡಕುಗಳು ಬಗೆಹರಿಯುವವರೆಗೆ ಬಾಟಲಿ ಹೋಗುವುದಿಲ್ಲ. 20 ಲೀಟರ್ ಕ್ಯಾನಿನ ನೀರನ್ನು ಎಲ್ಲರ ಕಣ್ಣೆದುರಿಗೇ ಜಗ್ಗಿಗೆ ತುಂಬಿಸಿ, ನೀರು ಬಡಿಸಲು ನಾಲ್ಕು ಜನರನ್ನು ನೀವೇ ಗೊತ್ತು ಮಾಡಿಕೊಡಿ. ಊರಿನ ಮೂರೋ ನಾಲ್ಕೋ ಅಡುಗೆ ಗುತ್ತಿಗೆದಾರರನ್ನು ಒಂದು ಸಂಜೆ ಕರೆದು ಕಾಫಿ ಕೊಟ್ಟು ಮಾತನಾಡಿದರೆ, ನೂರು ಮನೆಗಳಿಗೆ ಕರಪತ್ರ ಹಂಚಿದ್ದಕ್ಕಿಂತ ಹೆಚ್ಚಿನ ಕೆಲಸವಾಗುತ್ತದೆ.

ಇನ್ನೊಂದು ವಿಷಯ, ಬೇಸರಿಸಬೇಡಿ. ಪ್ರತಿ ಊರಿನಲ್ಲೂ ಶಾಮಿಯಾನ ಅಂಗಡಿ ಇರುತ್ತದೆ, ಅಲ್ಲಿ ಪಾತ್ರೆ, ಲೋಟ, ಜಗ್ಗುಗಳು ಬಾಡಿಗೆಗೆ ಸಿಗುತ್ತವೆ. ನೀವು ಚಂದಾ ಹಣದಲ್ಲಿ ಕೊಂಡು ಉಚಿತವಾಗಿ ಕೊಟ್ಟರೆ ಆ ಅಂಗಡಿಯವರ ಹೊಟ್ಟೆಗೆ ಪೆಟ್ಟು. ನಿಮ್ಮ ಲೋಟಗಳನ್ನು ಅವರಿಗೇ ವಹಿಸಿ, ಕಾಗದದ ಲೋಟಕ್ಕಿಂತ ಕಡಿಮೆ ದರಕ್ಕೆ ಬಾಡಿಗೆ ಕೊಡುವ ಷರತ್ತು ಹಾಕಿ. ಸಾಗಿಸಲು ಅವರ ಬಳಿ ವಾಹನವಿದೆ, ಇಡಲು ಗೋದಾಮಿದೆ, ಎಣಿಸಿಕೊಳ್ಳುವ ಅಭ್ಯಾಸವೂ ಇದೆ.

ಉತ್ತರ: ಕಲ್ಯಾಣಿ ಮೆಟ್ಟಿಲು

ಮೇಲುಕೋಟೆಯ ಬಗ್ಗೆ ಕೇಳಿದ್ದೀರಿ. ನಾನು ಆ ಊರಿನವನಲ್ಲ, ಪಕ್ಕದ ಹೋಬಳಿಯವನು. ಆದರೆ ಅಲ್ಲಿಯ ಜನಪದ ಸೇವಾ ಟ್ರಸ್ಟ್ ಎಂಬ ಸಂಸ್ಥೆಗೆ ಅನೇಕ ಸಲ ಹೋಗಿ ಬಂದಿದ್ದೇನೆ, ಅಲ್ಲಿ ನೇಯ್ದ ಬಟ್ಟೆಯನ್ನು ಇಂದಿಗೂ ತೊಡುತ್ತೇನೆ.

ಸರ್ವೋದಯ ನಾಯಕ ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಆ ಸಂಸ್ಥೆಯನ್ನು ಕಟ್ಟಿದರು. ಉತ್ತರ ಕರ್ನಾಟಕದವರು, ದೆಹಲಿ ಪಟ್ನಾಗಳ ರಾಜಕೀಯವನ್ನು ಹತ್ತಿರದಿಂದ ಕಂಡವರು, ಬಂದು ನೆಲೆ ನಿಂತದ್ದು ಬೆಟ್ಟದ ಮೇಲಿನ ಒಂದು ದೇವಸ್ಥಾನದ ಊರಿನಲ್ಲಿ. ಅಲ್ಲಿ ದಿಕ್ಕಿಲ್ಲದ ಮಕ್ಕಳಿಗೆ ಕರುಣಾಗೃಹವೆಂಬ ಆಸರೆಯಾಯಿತು, ಖಾದಿ ಮತ್ತು ಕೈಮಗ್ಗದ ಕೆಲಸ ಬೆಳೆಯಿತು. ಮೇಲುಕೋಟೆಯ ಪಂಚೆ ಮೊದಲಿನಿಂದಲೂ ಹೆಸರಾದದ್ದು. ಹಾಗಾಗಿ ಮಗ್ಗವೆಂಬುದು ಹೊರಗಿನಿಂದ ತಂದು ನೆಟ್ಟ ವಸ್ತುವಾಗಿರಲಿಲ್ಲ, ಊರಿನ ಬೆರಳುಗಳಿಗೆ ಪರಿಚಯವಿದ್ದದ್ದೇ ಆಗಿತ್ತು. ಮುಂದೆ ಅವರ ಮಗ ಸಂತೋಷ್ ಕೌಲಗಿಯವರು ನಡೆಸಿಕೊಂಡು ಬಂದ ಹೊಸ ಜೀವನ ದಾರಿ ಎಂಬ ಕೇಂದ್ರದಲ್ಲಿ ನೈಸರ್ಗಿಕ ಕೃಷಿ ಮತ್ತು ಸರಳ ಬದುಕಿನ ಕಮ್ಮಟಗಳು ನಡೆದವು.

ಈ ಕ್ರಮವನ್ನು ಗಮನಿಸಬೇಕೆಂದು ನನ್ನ ಕೋರಿಕೆ. ಸುಸ್ಥಿರ ಬದುಕು ಎಂಬ ಮಾತು ಅಲ್ಲಿ ಮೊದಲು ಬರಲಿಲ್ಲ. ಊಟವಿಲ್ಲದ ಮಗುವಿಗೆ ಊಟ, ಕೆಲಸವಿಲ್ಲದ ಕೈಗೆ ನೂಲು, ಇವು ಮೊದಲು ಬಂದವು. ದಶಕಗಳ ಆ ಒಡನಾಟದಿಂದ ಹುಟ್ಟಿದ ವಿಶ್ವಾಸವೇ ಮುಂದೆ ಮಣ್ಣಿನ ಬಗ್ಗೆ, ರಾಸಾಯನಿಕ ಗೊಬ್ಬರದ ಬಗ್ಗೆ ಅವರು ಆಡಿದ ಮಾತಿಗೆ ಬೆಲೆ ತಂದುಕೊಟ್ಟಿತು. ನಿಮ್ಮ ಸಂಘವು ಊರಿಗೆ ಪರಿಚಯವಾದದ್ದೇ ಪ್ಲಾಸ್ಟಿಕ್ ಬೇಡ ಎಂಬ ಉಪದೇಶದಿಂದ ಎಂದಾದರೆ, ಜನ ನಿಮ್ಮನ್ನು ಕಂಡಾಗ ಮೊದಲು ತಮ್ಮ ತಪ್ಪನ್ನೇ ನೆನಪಿಸಿಕೊಳ್ಳುತ್ತಾರೆ. ಅಂಥವರ ಬಳಿಗೆ ತಟ್ಟೆ ಕೇಳಲು ಬರುವುದು ಯಾರಿಗಾದರೂ ಮುಜುಗರದ ಸಂಗತಿ.

ಹಾಗೆಂದು ಉದ್ಯೋಗ ಕೊಟ್ಟರೆ ಎಲ್ಲವೂ ಉಳಿದುಕೊಳ್ಳುತ್ತದೆ ಎಂದೂ ಹೇಳಲಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಮಹಿಳಾ ಸಹಕಾರ ಸಂಘವನ್ನು ನೋಡಿ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರಿನಿಂದ ಬಟ್ಟೆಗೆ ಕೆಂಪು ಕಂದು ಬಣ್ಣ ಏರಿಸುವುದನ್ನು, ಆ ಊರಿನ ಹೆಣ್ಣುಮಕ್ಕಳೇ ನೂಲಿಗೆ ಬಣ್ಣ ಹಾಕಿ, ನೇಯ್ದು, ಹೊಲಿದು, ದೇಸಿ ಎಂಬ ಹೆಸರಿನ ಅಂಗಡಿಗಳ ಮೂಲಕ ನಗರಕ್ಕೆ ತಲುಪಿಸುವುದನ್ನು ಕಂಡಾಗ ಇದಕ್ಕಿಂತ ಒಪ್ಪವಾದ ಮಾದರಿ ಬೇರೊಂದಿಲ್ಲ ಎನ್ನಿಸುತ್ತದೆ. ಅಂಥ ಸಂಸ್ಥೆಯೂ 2020ರಲ್ಲಿ, ಕೊರೊನಾ ಕಾಲದಲ್ಲಿ, ಹಣದ ಮುಗ್ಗಟ್ಟಿನಿಂದ ತಾನು ದಿವಾಳಿಯಾಗಿರುವೆನೆಂದು ಬಹಿರಂಗವಾಗಿ ಹೇಳಬೇಕಾಯಿತು. ಕೊಳ್ಳುವವರು ದೂರದ ನಗರದಲ್ಲಿದ್ದಾಗ ಆ ದಾರಿ ಮುಚ್ಚಿದ ದಿನ ಮಗ್ಗವೂ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಕೈಚೀಲಗಳನ್ನು ಬೆಂಗಳೂರಿನ ಮೇಳಗಳಿಗೆ ಕಳುಹಿಸುವ ಯೋಚನೆ ಇದ್ದರೆ ಅವಸರ ಬೇಡ. ನಿಮ್ಮ ಊರಿನ ಸಂತೆಯೇ ನಿಮ್ಮ ಮೊದಲ ಮಾರುಕಟ್ಟೆಯಾಗಿರಲಿ.

ಉತ್ತರ: ಹಿತ್ತಲ ಬೀಜ

ಶಿರಸಿ ಸೀಮೆಯಿಂದ ಬರೆಯುತ್ತಿದ್ದೇನೆ. ಮೊದಲಿಗೆ, ಆ ರಾತ್ರಿ ಒಂದೂವರೆ ಗಂಟೆಯವರೆಗೆ ತಟ್ಟೆ ತೊಳೆದ ನಾಲ್ವರಿಗೆ ನನ್ನ ನಮಸ್ಕಾರ. ಎರಡನೆಯದಾಗಿ, ಇಲ್ಲಿ ಈವರೆಗೆ ಬರೆದ ಇಬ್ಬರೂ ತೊಳೆಯುವವರ ವಿಚಾರವನ್ನು ಬದಿಗಿಟ್ಟು ಮುಂದೆ ಹೋಗಿದ್ದಾರೆ. ನನಗೆ ಇಡೀ ಪ್ರಶ್ನೆಯ ತಿರುಳು ಅಲ್ಲಿದೆ ಎನ್ನಿಸುತ್ತದೆ.

ಬಿಸಾಡುವ ಲೋಟ ಬಂದದ್ದರಿಂದ ತಪ್ಪಿದ್ದು ಯಾರ ಕೆಲಸ ಎಂದು ಯೋಚಿಸಿ. ನನ್ನ ಅತ್ತೆಯವರ ಕಾಲದಲ್ಲಿ ಮನೆಯಲ್ಲಿ ಮದುವೆ ಎಂದರೆ ಆಸರಿಯ (ಬಾಯಾರಿಕೆಗೆ ಕೊಡುವ ಪಾನೀಯದ) ಲೋಟದಿಂದ ಹಿಡಿದು ಕಡಾಯಿಯವರೆಗೆ ಎಲ್ಲವನ್ನೂ ಬಚ್ಚಲ ಹಿಂದೆ ಕುಳಿತು ಬೂದಿ, ತೆಂಗಿನ ನಾರು ಹಿಡಿದು ಬೆಳಗುತ್ತಿದ್ದವರು ಹೆಂಗಸರು. ಮದುವೆಯ ಮಂಟಪದಲ್ಲಿ ಅವರು ಕುಳಿತದ್ದೇ ಕಡಿಮೆ. ಕಾಗದದ ಲೋಟ ಅವರಿಗೆ ಬಿಡುವು ಕೊಟ್ಟಿತು. ಈಗ ನಾವು ಪರಿಸರದ ಹೆಸರಿನಲ್ಲಿ ಮತ್ತೆ ಸ್ಟೀಲ್ ಲೋಟ ತಂದು, ತೊಳೆಯುವ ಕೆಲಸವನ್ನು ಸೇವೆ ಎಂದು ಕರೆದು, ಸಂಬಳವಿಲ್ಲದೆ ಹೆಣ್ಣುಮಕ್ಕಳ ಮುಂದೆ ಇಟ್ಟರೆ, ಅವರು ಒಪ್ಪದಿರುವುದೇ ನ್ಯಾಯ. ಬಾಡಿಗೆ ಕೇಳಬಹುದೇ ಎಂಬ ನಿಮ್ಮ ಸಂಕೋಚಕ್ಕೆ ನನ್ನ ಉತ್ತರ ಇದೇ: ಕೇಳಲೇಬೇಕು, ಮತ್ತು ಆ ಬಾಡಿಗೆಯ ಮೊದಲ ಪಾಲು ತೊಳೆಯುವವರ ಕೂಲಿಗೆ ಹೋಗಬೇಕು. ಕೂಲಿಯ ದರವನ್ನು ಅವರನ್ನೇ ಕೇಳಿ ನಿಗದಿ ಮಾಡಿ. ನಿಂತುಕೊಂಡು ತೊಳೆಯಲು ಎತ್ತರದ ಕಟ್ಟೆ, ಬಿಸಿನೀರು, ಮೂರು ತೊಟ್ಟಿ ಇಷ್ಟಿರಲಿ. ಮೊದಲನೆಯದರಲ್ಲಿ ನೆನೆಹಾಕುವುದು, ಎರಡನೆಯದರಲ್ಲಿ ಅಂಟುವಾಳದ ನೀರಿನಿಂದ ಉಜ್ಜುವುದು, ಮೂರನೆಯದರಲ್ಲಿ ಜಾಲಿಸುವುದು. ನಲ್ಲಿ ಬಿಟ್ಟು ತೊಳೆಯುವುದಕ್ಕಿಂತ ನೀರು ಬಹಳ ಕಡಿಮೆ ಸಾಕು. ಆ ನೀರು ತೆಂಗಿನ ಬುಡಕ್ಕೆ ಹೋಗಲಿ.

ಶಾಮಿಯಾನ ಅಂಗಡಿಗೆ ವಹಿಸಿ ಎನ್ನುವ ಸಲಹೆಯನ್ನು ನಾನು ಪೂರ್ತಿ ಒಪ್ಪಲಾರೆ. ಸಾಗಣೆಯನ್ನು ಅವರಿಗೆ ಕೊಡಿ, ತೊಳೆಯುವ ಕೆಲಸವನ್ನು ನಿಮ್ಮ ಸಂಘವೇ ಇಟ್ಟುಕೊಳ್ಳಲಿ. ಇಲ್ಲವಾದರೆ ಅಲ್ಲಿಯೂ ಕಡಿಮೆ ಕೂಲಿಗೆ ಯಾರೋ ಒಬ್ಬಾಕೆ ರಾತ್ರಿಯೆಲ್ಲ ಕೂರಬೇಕಾಗುತ್ತದೆ, ನಮಗೆ ಅದು ಕಾಣುವುದಿಲ್ಲ ಅಷ್ಟೆ.

ನಾಟಿ ಬೀಜ ಉಳಿಸುವ ಹೆಂಗಸರ ಕೂಟವಾದ ನಮ್ಮೂರಿನ ವನಸ್ತ್ರೀ ಬಗ್ಗೆ ಎರಡು ಮಾತು. ಸುನೀತಾ ರಾವ್ ಅವರು 2001ರಲ್ಲಿ ಇದನ್ನು ಆರಂಭಿಸಿದಾಗ ಮಲೆನಾಡಿನ ಹೆಂಗಸರಿಗೆ ಬೀಜ ಉಳಿಸುವುದನ್ನು ಕಲಿಸಬೇಕಾದ ಸಂದರ್ಭ ಇರಲಿಲ್ಲ. ಪ್ರತಿ ಹಿತ್ತಲಿನಲ್ಲೂ ಅದು ಇತ್ತು. ಸೌತೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಡುತ್ತಿದ್ದರು ನಮ್ಮತ್ತೆ. ಮಳೆಗಾಲ ಹತ್ತಿರವಾದಾಗ ಉಗುರಿನಿಂದ ಒಂದೊಂದೇ ಬಿಡಿಸಿ ತೆಗೆಯುತ್ತಿದ್ದರು. ಇಂಥ ನೂರಾರು ಹಿತ್ತಲುಗಳ ಬೀಜ ಒಂದೆಡೆ ಸೇರುವ ಮಲೆನಾಡು ಮೇಳದಲ್ಲಿ ಮೊಗೆ, ಹೀರೆ, ಬದನೆ, ಕೆಸುವಿನ ಗೆಡ್ಡೆಗಳು ಕೈಯಿಂದ ಕೈಗೆ ಹೋಗುತ್ತವೆ, ಮಾರಿದ ದುಡ್ಡು ಬೆಳೆದವಳ ಕೈಯಲ್ಲೇ ಉಳಿಯುತ್ತದೆ. ತನಗೆ ಗೊತ್ತಿರುವುದಕ್ಕೆ ಬೆಲೆ ಇದೆ ಎಂದು ಒಬ್ಬ ಹೆಂಗಸಿಗೆ ಅಲ್ಲಿ ಅನುಭವಕ್ಕೆ ಬರುತ್ತದೆ. ನಿಮ್ಮ ಬೀಜ ಹಂಚಿಕೆ ನಿಧಾನವಾಗಿಯಾದರೂ ನಡೆಯುತ್ತಿದೆ ಎಂದಿದ್ದೀರಿ. ಅದು ಏಕೆ ನಡೆಯುತ್ತಿದೆ, ತಟ್ಟೆ ಏಕೆ ನಿಂತಿತು ಎಂದು ಆ ಮೂವರು ಸೋದರಿಯರನ್ನೇ ಕೇಳಿ ನೋಡಿ. ನಮ್ಮೆಲ್ಲರ ಉತ್ತರಕ್ಕಿಂತ ಅವರ ಉತ್ತರ ನಿಖರವಾಗಿರುತ್ತದೆ.

ಉತ್ತರ: ಪಟ್ಟಣ ಪಂಚಾಯಿತಿ ನಿವೃತ್ತ

ಕಾನೂನಿನ ಬಲವನ್ನೂ ಸ್ವಲ್ಪ ಬಳಸಿಕೊಳ್ಳಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಮ್ಮ ರಾಜ್ಯವು 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿದೆ, ದೇಶಾದ್ಯಂತದ ನಿಷೇಧ 2022ರ ಜುಲೈ 1ರಿಂದ ಬಂದಿದೆ. ಅದಕ್ಕಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು 2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಬಂದ ಒಂದು ಅಂಶ: ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವವರು ಮೂರು ಕೆಲಸದ ದಿನಗಳ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ವಿಂಗಡಿಸಿ ಒಪ್ಪಿಸಬೇಕು. ಹಾಗೆ ತಿಳಿಸಲು ಬಂದವರ ಕೈಗೆ ನಿಮ್ಮ ಲೋಟಗಳ ವಿವರವಿರುವ ಒಂದು ಚೀಟಿ ಕೊಡುವಂತೆ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಗಳನ್ನು ವಿನಂತಿಸಬಹುದು. ದಂಡದ ಮಾತು ನಿಮ್ಮ ಬಾಯಿಂದ ಬರುವುದು ಬೇಡ, ಅದು ಕಚೇರಿಯ ಕೆಲಸ.

ನೋಂದಣಿಯ ಬಗ್ಗೆ ನೀವು ಕೇಳಿಲ್ಲ. ಆದರೂ ಬಾಡಿಗೆ ಪಡೆದು ಕೂಲಿ ಕೊಡುವ ಹಂತಕ್ಕೆ ಬಂದರೆ ಅದು ಅಗತ್ಯವಾಗುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಾಕು, ನೀವು ಒಂಬತ್ತು ಇದ್ದೀರಿ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ಸಲ್ಲಿಸುವುದನ್ನು ಮರೆಯಬೇಡಿ. ನಾನು ಕಂಡ ಹಲವು ಸಂಘಗಳು ಒಳ್ಳೆಯ ಕೆಲಸ ಮಾಡುತ್ತಿದ್ದರೂ ಈ ಒಂದು ಉದಾಸೀನದಿಂದ ತೊಂದರೆಗೆ ಸಿಲುಕಿದವು.

ಪ್ರಶ್ನೆ ಕೇಳಿದವರು: ಹೇಮಾವತಿ ದಂಡೆ

ಎಲ್ಲರಿಗೂ ಹೃದಯಪೂರ್ವಕ ವಂದನೆಗಳು. ನಿನ್ನೆ ಸಂಜೆ ಈ ಉತ್ತರಗಳನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ತೊಳೆಯುವವರ ಬಗ್ಗೆ ಬರೆದ ಭಾಗಕ್ಕೆ ಬಂದಾಗ, ಇನ್ನು ಕರೆಯಬೇಡಿ ಎಂದಿದ್ದ ಸೋದರಿ ಮತ್ತೊಮ್ಮೆ ಓದಿ ಎಂದರು. ಓದಿದೆ. ಬೀಜ ಏಕೆ ನಡೆಯಿತು, ತಟ್ಟೆ ಏಕೆ ನಿಂತಿತು ಎಂದು ಅವರನ್ನೇ ಕೇಳಿದಾಗ ಅವರು ಕೊಟ್ಟ ಉತ್ತರ ಹೀಗಿತ್ತು: "ಬೀಜ ತಗೊಂಡೋರು ಮುಂದಿನ ವರ್ಷ ಬೀಜಾನೇ ತಂದು ಕೊಡ್ತಾರೆ. ತಟ್ಟೆ ತಗೊಂಡೋರು ಎಂಜಲು ತಂದು ಕೊಡ್ತಾರೆ." ಸಭೆಯಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಕೂಲಿಯ ದರವನ್ನು ಅವರು ಮೂವರೂ ಸೇರಿ ತಿಳಿಸುತ್ತಾರೆ. ಔಷಧಿ ಅಂಗಡಿಯವರ ಹಿಂದಿನ ಜಾಗದಲ್ಲಿ ಸೊಂಟದೆತ್ತರದ ಕಟ್ಟೆ ಮತ್ತು ಮೂರು ತೊಟ್ಟಿ ಕಟ್ಟಿಸಲು ಒಪ್ಪಿಗೆಯಾಗಿದೆ. 400 ತಟ್ಟೆಗಳನ್ನು ನಿತ್ಯ ಅನ್ನದಾನ ನಡೆಯುವ ಒಂದು ಮಠಕ್ಕೆ ಕೊಟ್ಟುಬಿಡೋಣ ಎಂಬ ಮಾತು ಬಂದಿದೆ. ಚಂದಾ ಕೊಟ್ಟವರನ್ನು ಕೇಳದೆ ಹಾಗೆ ಮಾಡಬಾರದೆಂದು ನಾನು ತಡೆದಿದ್ದೇನೆ. ಅವರ ಪಟ್ಟಿ ಹಿಡಿದು ಮುಂದಿನ ವಾರ ಮನೆಮನೆಗೆ ಹೋಗುತ್ತೇವೆ.

ಅಡುಗೆ ಗುತ್ತಿಗೆದಾರರಲ್ಲಿ ಒಬ್ಬರನ್ನು ಇಂದು ಬೆಳಿಗ್ಗೆಯೇ ಕಂಡು ಬಂದೆ. ನೀರು ಬಡಿಸಲು ಜನ ಕೊಡುವಿರಾದರೆ ಬಾಟಲಿ ಇಡುವುದಿಲ್ಲ, ಆದರೆ ಒಂದು ಲೋಟದಲ್ಲೂ ಸೋಪಿನ ವಾಸನೆ ಇರಬಾರದು ಎಂದರು. ಇದೇ ತಿಂಗಳ ಕೊನೆಗೆ ಅವರು ಒಪ್ಪಿಕೊಂಡಿರುವ ಒಂದು ಗೃಹಪ್ರವೇಶವಿದೆ, ಪಂಕ್ತಿಗೆ ನೂರು ಜನ, ಮೂರು ಪಂಕ್ತಿ. ನಮ್ಮಲ್ಲಿರುವ 200 ಲೋಟಗಳ ಜೊತೆಗೆ ಇನ್ನೂ ನೂರನ್ನು ಶಾಮಿಯಾನ ಅಂಗಡಿಯಿಂದ ಬಾಡಿಗೆಗೆ ತರುತ್ತಿದ್ದೇವೆ. ಅಂಟುವಾಳದ ನೀರು ಸ್ಟೀಲ್ ಲೋಟದ ಮೇಲೆ ಕಲೆ ಬಿಡುತ್ತದೆಯೇ, ಎಷ್ಟು ಹೊತ್ತು ನೆನೆಸಿ ತೆಗೆಯಬೇಕು ಎಂಬುದನ್ನು ಶಿರಸಿಯವರು ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.